ವೈವಾದಲ್ಲಿ ನೀರಿನ ಪ್ರಶ್ನೆ ಯಾಕಿಲ್ಲ?

ಪೀಣ್ಯದ ಒಂದು ಶೆಡ್ಡಿಗೆ ಹೋದಾಗ ನಾವು ಫೋಟೋ ತೆಗೆದದ್ದೆಲ್ಲ ಸ್ಪಾಟ್ ವೆಲ್ಡಿಂಗಿನ ಕಿಡಿಗಳದ್ದೇ. ಆಪರೇಟರ್ ಅಣ್ಣ ತೋರಿಸಿದ್ದು ಮಾತ್ರ ನೀರಿನ ಪೈಪು. ಬೋರ್‌ವೆಲ್ಲಿನ ಗಡಸು ನೀರು. ಒಳಗೆ ಸುಣ್ಣದ ಪದರ ಕಟ್ಟಿ ಹರಿವು ಕಮ್ಮಿಯಾಗುತ್ತೆ. ತಾಮ್ರದ ಟಿಪ್ ಕಾದು ಮೆತ್ತಗಾಗಿ ಅಣಬೆ ಥರ ಅಗಲವಾಗುತ್ತೆ. ಅಷ್ಟೇ ಕರೆಂಟು ದೊಡ್ಡ ಜಾಗಕ್ಕೆ ಹಂಚಿಹೋಗುತ್ತೆ. ಬೆಸುಗೆ ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಸರಿಯಾಗಿ ಕೂಡಿರಲ್ಲ. ಅಂಥದ್ದು ನಾಳೆ ಯಾರದೋ ಕಾರಿನ ಬಾಗಿಲಲ್ಲಿರಬಹುದು.

ನಮಗೋ ಐ ಸ್ಕ್ವೇರ್ ಆರ್ ಟಿ ಬಾಯಿಪಾಠ. ಬಿಸಿ ಹುಟ್ಟೋದು ಗೊತ್ತು, ಅದನ್ನ ಹೊರಗೆ ಸಾಗಿಸೋದನ್ನ ಯಾರೂ ಕೇಳಲ್ಲ. ಲ್ಯಾಬಲ್ಲಿ ಕರೆಂಟ್ ಸೆಟ್ ಮಾಡೋ ಮುಂಚೆ, ವಾಪಸ್ ಬರೋ ಪೈಪಿಗೆ ಬಕೆಟ್ ಹಿಡಿಸಿ, ನಿಮಿಷಕ್ಕೆ ಎಷ್ಟು ಲೀಟರ್ ಅಂತ ನಮ್ಮಿಂದ ಅಳೆಸಿ ಸರ್. ಅದಕ್ಕೂ 5 ಮಾರ್ಕ್ಸ್ ಇಡಿ.