ಚಂದ್ರನೂ ರೈಲೂ ಕದಲಿಸಿದ ಲೆಕ್ಕ

ಜಿನೀವಾ ಬಳಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. 1989ರಿಂದ 2000ದವರೆಗೆ ಅಲ್ಲಿ ಓಡಿದ್ದು ಸರ್ನ್ ಸಂಸ್ಥೆಯ ಲೆಪ್ ಯಂತ್ರ. ಎಲೆಕ್ಟ್ರಾನ್, ಪಾಸಿಟ್ರಾನ್‌ಗಳನ್ನು ಎದುರುಬದುರಾಗಿ ಗಂಟೆಗಟ್ಟಲೆ ಸುತ್ತಿಸಿ, ಡಿಕ್ಕಿ ಹೊಡೆಸಿ, ಝಡ್ ಎಂಬ ಕಣವನ್ನು ಹುಟ್ಟಿಸುವುದು ಅದರ ಕೆಲಸ. ಝಡ್‌ನ ತೂಕ ಕರಾರುವಾಕ್ಕಾಗಿ ಬೇಕಿದ್ದರೆ ಸುತ್ತುವ ಕಣಗಳ ಶಕ್ತಿಯೂ ಕರಾರುವಾಕ್ಕಾಗಿ ತಿಳಿದಿರಬೇಕು.

ಅಳೆಯುವ ಉಪಾಯ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಬೆಳೆದದ್ದು, ಬಲು ಜಾಣತನದ್ದು. ಪ್ರತಿ ಎಲೆಕ್ಟ್ರಾನ್ ಒಂದು ಪುಟ್ಟ ಬುಗುರಿ. ಉಂಗುರದಲ್ಲಿ ಬಹಳ ಹೊತ್ತು ಸುತ್ತಿದರೆ ಈ ಬುಗುರಿಗಳ ಅಕ್ಷಗಳು ತಾವಾಗಿಯೇ ಸ್ವಲ್ಪಮಟ್ಟಿಗೆ ಒಂದೇ ದಿಕ್ಕಿಗೆ ವಾಲುತ್ತವೆ. ಅಕ್ಷ ಓಲಾಡುವ ಲಯ ಶಕ್ತಿಯನ್ನು ಅವಲಂಬಿಸಿದೆ. ಲೆಪ್‌ನಲ್ಲಿ ಒಂದು ಸುತ್ತಿಗೆ ನೂರಕ್ಕೂ ಹೆಚ್ಚು ಸಲ. ಹೊರಗಿನಿಂದ ಸಣ್ಣ ಕಾಂತಕ್ಷೇತ್ರವನ್ನು ಮಿಡಿಸುತ್ತ ಹೋದರೆ, ಲಯ ಕೂಡಿದ ಕ್ಷಣ ಆ ಶಿಸ್ತು ಚೆದುರುತ್ತದೆ. ಆ ಆವರ್ತನ ಓದಿಕೊಂಡರೆ ಶಕ್ತಿ ಸಿಕ್ಕಂತೆ.

ಸಿಕ್ಕ ಉತ್ತರ ಮಾತ್ರ ನಿಲ್ಲಲೊಲ್ಲದು. 45,000 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಹತ್ತರಷ್ಟು ಏರುಪೇರು. ಕಾರಣ ಚಂದ್ರ! ಕಡಲಿನಂತೆ ನೆಲಕ್ಕೂ ಉಬ್ಬರವಿಳಿತವಿದೆ. ಅದು ಇಡೀ ಉಂಗುರವನ್ನು ಸುಮಾರು ಒಂದು ಮಿಲಿಮೀಟರ್ ಹಿಗ್ಗಿಸಿ ಕುಗ್ಗಿಸುತ್ತಿತ್ತು. ಕಣಗಳಿಗೆ ಶಕ್ತಿ ತುಂಬುವ ರೇಡಿಯೊ ಅಲೆಯ ಆವರ್ತನ ಬದಲಾಗದ್ದರಿಂದ ಅವುಗಳ ದಾರಿಯ ಉದ್ದ ಹಾಗೇ ಉಳಿಯಿತು, ಅಯಸ್ಕಾಂತಗಳು ಮಾತ್ರ ಸರಿದವು. ನಡುವೆ ಹಾಯಬೇಕಾದ ಕಣಗಳು ಪಕ್ಕದಲ್ಲಿ ಹಾದವು, ಬಾಗುವಿಕೆ ಬದಲಾಯಿತು, ಶಕ್ತಿಯೂ ಬದಲಾಯಿತು. 1992ರ ನವೆಂಬರ್‌ನ ಅಳತೆ ಇದನ್ನು ಖಚಿತಪಡಿಸಿತು. ಜಿನೀವಾ ಸರೋವರದ ನೀರಿನ ಮಟ್ಟಕ್ಕೂ ಈ ತಂಟೆಯಲ್ಲಿ ಪಾಲಿತ್ತು.

ಅದಾದ ಮೇಲೂ ಹಗಲು ಹೊತ್ತು ಕಾಂತಕ್ಷೇತ್ರ ನಡುಗುತ್ತಿತ್ತು, ನಡುರಾತ್ರಿ ಕಳೆದ ಮೇಲೆ ಸುಮ್ಮನಾಗುತ್ತಿತ್ತು. ರೈಲು ಹಳಿಯ ಪಕ್ಕದಲ್ಲೂ ಕಣಗಳು ಓಡುವ ಕೊಳವೆಯ ಮೇಲೂ ಒಟ್ಟಿಗೇ ವೋಲ್ಟೇಜ್ ಅಳೆದಾಗ ಕಳ್ಳ ಸಿಕ್ಕ: ಜಿನೀವಾದಿಂದ ಹೊರಡುವ ಫ್ರೆಂಚ್ ವೇಗದ ರೈಲು. ಅದರ ನೇರ ವಿದ್ಯುತ್ತು ಹಳಿಯಿಂದ ಸೋರಿ, ನೆಲ ಹಾದು, ಆ ಕೊಳವೆಯನ್ನೇ ತಂತಿ ಮಾಡಿಕೊಂಡಿತ್ತು. ನನ್ನ ಮಟ್ಟಿಗೆ ಝಡ್‌ಗಿಂತ ಈ ಪತ್ತೇದಾರಿಕೆಯೇ ರುಚಿ.

ಝಡ್‌ನ ತೂಕ ಕೊನೆಗೆ 91,187.5 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದಾಯಿತು, ಎರಡರಷ್ಟು ಆಚೀಚೆ. ಆ ಎರಡರಲ್ಲಿ ಬಹುಪಾಲು ಕಣಗಳ ಶಕ್ತಿಯ ಲೆಕ್ಕದಿಂದಲೇ ಬಂದದ್ದು.