ನಮ್ಮ ಪಿ.ಜಿ. ಬಚ್ಚಲಿನಿಂದ ನಮ್ಮೂರ ಕೆರೆಗೆ

2024ರ ಮಾರ್ಚ್ ತಿಂಗಳು. ನಾನಾಗ ಫಸ್ಟ್ ಇಯರ್ ಬಿ.ಇ. ಬೆಳಿಗ್ಗೆ ಒಂಬತ್ತೂವರೆಗೆ ಇಂಟರ್ನಲ್ಸ್. ತಲೆಗೆ ಶಾಂಪೂ ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ ಎರಡು ಸಲ ಬುಸ್ ಎಂದು ಗಾಳಿ ಬಂತು, ಆಮೇಲೆ ಅದೂ ನಿಂತಿತು. ಕಣ್ಣು ಉರಿಯುತ್ತಿತ್ತು. ಬಾಗಿಲ ಸಂದಿಯಿಂದ ಕೂಗಿದ್ದಕ್ಕೆ ರೂಮ್‌ಮೇಟ್ ಕುಡಿಯುವ ನೀರಿನ ಕ್ಯಾನನ್ನೇ ಎತ್ತಿಕೊಂಡು ಬಂದಳು. ಆ ನೀರಿನಲ್ಲಿ ತಲೆ ತೊಳೆದುಕೊಂಡು ಪರೀಕ್ಷೆಗೆ ಓಡಿದೆ. ಆ ದಿನ ನಮ್ಮ ಪಿ.ಜಿ.ಯ 42 ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಸ್ನಾನ ಮಾಡಿರಲಿಲ್ಲ. ಕಟ್ಟಡದ ಬೋರ್‌ವೆಲ್ ಬತ್ತಿಹೋಗಿತ್ತು.

ನಮ್ಮದೊಂದೇ ಅಲ್ಲ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆಗ ಹೇಳಿದ್ದರು. ತಮ್ಮ ಮನೆಯ ಬೋರ್‌ವೆಲ್‌ನಲ್ಲೂ ನೀರಿಲ್ಲ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದು ಸುದ್ದಿಯಾಗಿತ್ತು. ಟ್ಯಾಂಕರ್ ದರ ಎಲ್ಲೆ ಮೀರಿದಾಗ ಜಿಲ್ಲಾಡಳಿತ ಮಿತಿ ಹಾಕಿತು. ಐದು ಕಿಲೋಮೀಟರ್ ಒಳಗಾದರೆ ಆರು ಸಾವಿರ ಲೀಟರ್‌ಗೆ 600 ರೂಪಾಯಿ. ಕಾರು ತೊಳೆಯಲು, ಗಿಡಗಳಿಗೆ ಹಾಕಲು, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ತಿಂಗಳ ಕೊನೆಯ ಹೊತ್ತಿಗೆ 22 ಮನೆಗಳಿಂದ 1.1 ಲಕ್ಷ ರೂಪಾಯಿ ದಂಡ ವಸೂಲಾಗಿತ್ತು. ಕೋಟಿಗೂ ಹೆಚ್ಚು ಜನರಿರುವ ಊರಿನಲ್ಲಿ 22 ಮನೆ!

ಸಂಜೆ ಊರಿಗೆ ಫೋನ್ ಮಾಡಿ ಅಜ್ಜಿಗೆ ಶಾಂಪೂ ಕಥೆ ಹೇಳಿದೆ. ನಮ್ಮೂರು ಇರುವುದು ಕೋಲಾರ ಜಿಲ್ಲೆಯಲ್ಲಿ. ವರ್ಷವಿಡೀ ಹರಿಯುವ ನದಿಯಿಲ್ಲ, ಇರುವುದೆಲ್ಲ ಕೆರೆಗಳು. ಅಜ್ಜಿ ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು, "ಒಂದು ಚೊಂಬು ನೀರು ಎತ್ತಿಟ್ಕೊಂಡು ಆಮೇಲೆ ತಲೆಗೆ ಹಚ್ಕೋಬೇಕು ಕಣಮ್ಮಾ. ಅಷ್ಟೂ ಹೇಳ್ಕೊಡಲ್ವಾ ನಿಮ್ಮ ಕಾಲೇಜಲ್ಲಿ?" ಎಂದು ನಕ್ಕಳು.

ನಮ್ಮನೆಯಲ್ಲಿ ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿನ ಬಾಯಿಗೆ ಹೋಗುತ್ತಿತ್ತು. ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ. ಪಾತ್ರೆ ತಿಕ್ಕಿದ ಮೊದಲ ನೀರು ಅಂಗಳದ ಧೂಳಿಗೆ. ಇದನ್ನೆಲ್ಲ ಪರಿಸರ ಕಾಳಜಿ ಎಂದು ನಾನು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಹೇಳಿ ಬಹುಮಾನ ತಗೊಂಡಿದ್ದೂ ಉಂಟು. ಅಜ್ಜಿಗೆ ಹೇಳಿದರೆ, "ಕಾಳಜಿ ಏನ್ ಬಂತು, ಸೊಂಟ ನೋಯ್ತಿತ್ತು" ಅಂದಳು. ಅರ್ಧ ಮೈಲಿ ದೂರದ ಬಾವಿಯಿಂದ ಬಿಂದಿಗೆ ಹೊತ್ತು ತಂದವಳಿಗೆ ಮನೆಯಲ್ಲಿ ಎಷ್ಟು ನೀರಿದೆ, ಯಾರು ಎಷ್ಟು ಚೆಲ್ಲಿದರು ಎಂಬುದರ ಪೂರ್ತಿ ಲೆಕ್ಕ ಗೊತ್ತಿತ್ತು. ಆ ಹೊರೆ ಮತ್ತೆ ಬರಲಿ ಎಂದು ನಾನಂತೂ ಬಯಸುವುದಿಲ್ಲ. ಹೊತ್ತವರೆಲ್ಲ ಹೆಂಗಸರೇ. ಆದರೆ ಹೊರೆಯ ಜೊತೆಗೆ ಲೆಕ್ಕವೂ ಹೋಯಿತಲ್ಲ, ಅದರ ಬಗ್ಗೆ ನನಗೆ ಯೋಚನೆ ಶುರುವಾದದ್ದು ಆಗ. ನಲ್ಲಿ ತಿರುಗಿಸುವ ನನಗೆ ದಿನಕ್ಕೆ ಎಷ್ಟು ಲೀಟರ್ ಬಳಸುತ್ತೇನೆ ಎಂದು ಕೇಳಿದರೆ ಉತ್ತರವೇ ಇರಲಿಲ್ಲ. ನಿಮಗೆ ಗೊತ್ತಿದೆಯೇ? ಮೊಬೈಲ್ ಡೇಟಾ ಎಷ್ಟು ಉಳಿದಿದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತೇವೆ.

ಹೀಗೆ ನಾನು, ರೂಮ್‌ಮೇಟ್ ಇಬ್ಬರೂ ಅಳತೆಗೆ ಇಳಿದೆವು. 15 ಲೀಟರ್ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಹಳೆಯ ನೋಟ್‌ಬುಕ್. ಕೈತೊಳೆಯುವ ಬೇಸಿನ್ನಿನ ನಲ್ಲಿ ಪೂರ್ತಿ ತಿರುಗಿಸಿದರೆ ನಿಮಿಷಕ್ಕೆ 12 ಲೀಟರ್. ಮೂರು ನಿಮಿಷ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜಿದರೆ 36 ಲೀಟರ್, ಅಂದರೆ ಇಬ್ಬರು ಬಕೆಟ್ ಸ್ನಾನ ಮಾಡುವಷ್ಟು. ಎರಡನೇ ಮಹಡಿಯಲ್ಲಿ ತೊಟ್ಟಿಕ್ಕುವ ಒಂದು ನಲ್ಲಿ ಇತ್ತು. ಎಲ್ಲರೂ ದಿನಾ ನೋಡುತ್ತಿದ್ದೆವು. ಅದರ ಕೆಳಗೆ ಒಂದು ಲೀಟರ್ ಮಗ್ ಇಟ್ಟೆವು. 50 ನಿಮಿಷಕ್ಕೆ ತುಂಬಿತು. ದಿನಕ್ಕೆ ಹತ್ತಿರ ಹತ್ತಿರ 29 ಲೀಟರ್, ತಿಂಗಳಿಗೆ 860ಕ್ಕೂ ಹೆಚ್ಚು. ಹತ್ತು ರೂಪಾಯಿಯ ವಾಷರ್ ಹಾಕಿದ ಮೇಲೆ ನಿಂತಿತು. ಕುಡಿಯುವ ನೀರಿನ ಆರ್.ಒ. ಯಂತ್ರ ನೋಡಿ ಮಾತ್ರ ಬೇಸರವಾಯಿತು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಗೆ ಬಿಡುತ್ತಿತ್ತು, ಅದು ನೇರ ಚರಂಡಿಗೆ. ಈಗ ಆ ಪೈಪಿನ ತುದಿಗೆ ಒಂದು ಡ್ರಮ್ ಇಟ್ಟಿದ್ದೇವೆ. ನೆಲ ಒರೆಸಲು, ಟಾಯ್ಲೆಟ್‌ಗೆ ಅದೇ ನೀರು.

ಇದಕ್ಕೂ ಮೊದಲು ಗೋಡೆಗೆ 'ನೀರು ಉಳಿಸಿ' ಎಂಬ ಚಾರ್ಟ್ ಅಂಟಿಸಿದ್ದೆವು, ಕಲರ್ ಪೆನ್ನಿನಲ್ಲಿ ಹನಿಯ ಚಿತ್ರ ಸಮೇತ. ಅದರಿಂದ ಒಂದು ಮಗ್ ನೀರೂ ಉಳಿಯಲಿಲ್ಲ. ಕೆಲಸ ಮಾಡಿದ್ದು ಊಟದ ಹಾಲಿನ ವೈಟ್‌ಬೋರ್ಡ್. ಅದರ ಮೇಲೆ ಆ ವಾರ ಬಂದ ಟ್ಯಾಂಕರ್‌ಗಳ ಸಂಖ್ಯೆ ಬರೆಯತೊಡಗಿದೆವು. ಮೊದಲ ವಾರ ಆರು ಸಾವಿರ ಲೀಟರ್‌ನ ಏಳು ಟ್ಯಾಂಕರ್, ಎಂದರೆ ದಿನಕ್ಕೆ ತಲಾ 143 ಲೀಟರ್. ನಗರಗಳಿಗೆ ಸರ್ಕಾರಿ ಮಾನದಂಡ ತಲಾ 135 ಲೀಟರ್. ಬರದ ನಡುವೆಯೂ ನಾವು ಮಾನದಂಡಕ್ಕಿಂತ ಹೆಚ್ಚು ಬಳಸುತ್ತಿದ್ದೆವು! ಬೇಸಿನ್‌ಗಳಿಗೆ ಏರಿಯೇಟರ್ ಹಾಕಿಸಿದ ಮೇಲೆ ನಿಮಿಷಕ್ಕೆ 12 ಇದ್ದದ್ದು 5ಕ್ಕೆ ಇಳಿಯಿತು. ನೀರಿಗೆ ಗಾಳಿ ಬೆರೆಯುವುದರಿಂದ ಕೈಗೆ ಕಡಿಮೆ ಅನಿಸುವುದಿಲ್ಲ. ನಾಲ್ಕನೇ ವಾರಕ್ಕೆ ಟ್ಯಾಂಕರ್ ಐದಕ್ಕೆ ಬಂತು, ತಲಾ 102 ಲೀಟರ್. ಆಮೇಲಿನ ವಾರಗಳ ಅಂಕಿಗಳನ್ನು ನಾನೇ ನಂಬುವುದಿಲ್ಲ, ಪರೀಕ್ಷೆ ಮುಗಿದು ಅರ್ಧ ಹುಡುಗಿಯರು ಊರಿಗೆ ಹೋಗಿದ್ದರು.

ಮಾರ್ಚ್ ತಿಂಗಳ ಬಾಡಿಗೆಗೆ ಪಿ.ಜಿ. ಆಂಟಿ 500 ರೂಪಾಯಿ 'ವಾಟರ್ ಚಾರ್ಜ್' ಸೇರಿಸಿದ್ದರು. ವಾರಕ್ಕೆ ಎರಡು ಟ್ಯಾಂಕರ್ ಉಳಿದ ಮೇಲೂ ಅದು ಹಾಗೇ ಇದೆ. ಉಳಿಸಿದವರು ನಾವು, ಉಳಿತಾಯ ಅವರದ್ದು. ಇದು ನಮ್ಮ ಪಿ.ಜಿ.ಯ ಕಥೆ ಮಾತ್ರವಲ್ಲ ಅನಿಸುತ್ತದೆ. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಮೀಟರ್, ಬಂದ ಬಿಲ್ಲನ್ನು ಮನೆಗಳಿಗೆ ಸಮನಾಗಿ ಹಂಚುತ್ತಾರೆ. ಬಾತ್‌ಟಬ್ ಇರುವವರಿಗೂ, ಒಬ್ಬರೇ ಇರುವ ನಿವೃತ್ತ ಮೇಷ್ಟ್ರಿಗೂ ಒಂದೇ ಮೊತ್ತ. ಹೀಗಿರುವಾಗ ನಲ್ಲಿ ನಿಲ್ಲಿಸಿ ಎಂದು ಹೇಳುವುದು ಸುಲಭ, ನಿಲ್ಲಿಸಿದವರಿಗೆ ಸಿಗುವುದೇನು?

ನೀರಿನ ಲೆಕ್ಕದಲ್ಲಿ ಕರೆಂಟಿನ ಲೆಕ್ಕವೂ ಅಡಗಿದೆ. ಇದು ನನಗೆ ಹೊಳೆದದ್ದು ಫಿಸಿಕ್ಸ್ ಪುಸ್ತಕದಿಂದ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಆಗಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಮೇಲಕ್ಕೆ ಹತ್ತಿ ಬರುತ್ತದೆ. ಸಾವಿರ ಲೀಟರ್ ಎಂದರೆ ಸಾವಿರ ಕಿಲೋ. ಅದನ್ನು 500 ಮೀಟರ್ ಎತ್ತಲು 49 ಲಕ್ಷ ಜೂಲ್ ಬೇಕು. ಒಂದು ಯೂನಿಟ್ ಕರೆಂಟ್ ಎಂದರೆ 36 ಲಕ್ಷ ಜೂಲ್. ಪಂಪಿನ ದಕ್ಷತೆ, ಪೈಪಿನ ಘರ್ಷಣೆ ಸೇರಿಸಿದರೆ ಸಾವಿರ ಲೀಟರ್‌ಗೆ ಎರಡು ಯೂನಿಟ್ ಹತ್ತಿರ ಬೀಳುತ್ತದೆ. ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂಬತ್ತು ದಿನ ಹಗಲೂ ರಾತ್ರಿ ಉರಿಯಲು ಇಷ್ಟು ಸಾಕು. ರೂಮಿನಿಂದ ಹೊರಡುವಾಗ ಲೈಟ್ ಆರಿಸುವ ನಾವು ಸೋರುವ ನಲ್ಲಿಯನ್ನು ನೋಡಿಕೊಂಡು ಹೋಗುತ್ತೇವೆ. ಟ್ಯಾಂಕರ್ ನೀರೂ ಕಡಿಮೆಯದಲ್ಲ. ಸಾವಿರ ಅಡಿ ಆಳದ ಬೋರ್‌ವೆಲ್ ಎಂದರೆ 300 ಮೀಟರ್, ಮೇಲೆ ಲಾರಿಯ ಡೀಸೆಲ್ ಬೇರೆ.

ಇಷ್ಟು ಕಷ್ಟದ ನೀರನ್ನು ತರುವುದರಲ್ಲಿ ಮಾತ್ರ ಈ ನಗರ ಹಿಂದೆ ಬಿದ್ದಿಲ್ಲ. 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಪ್ರತಿ ಸಲವೂ ಇನ್ನಷ್ಟು ದೂರಕ್ಕೆ ಕೈ ಚಾಚಿದ್ದೇವೆ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್. ಆ ಹಳ್ಳಿಗಳ ಜನ ಇಷ್ಟು ವರ್ಷ ಟ್ಯಾಂಕರ್ ನಂಬಿಕೊಂಡಿದ್ದರು, ಅವರಿಗೆ ಇದು ಬರಲೇಬೇಕಿತ್ತು. ಆದರೂ 2025ರ ಫೆಬ್ರುವರಿಯಲ್ಲಿ ಜಲಮಂಡಳಿ ಕಾರು ತೊಳೆಯುವುದರ ಮೇಲಿನ ಆದೇಶವನ್ನು ಮತ್ತೆ ಹೊರಡಿಸಬೇಕಾಯಿತು. ಏಪ್ರಿಲ್‌ನಲ್ಲಿ 11 ವರ್ಷಗಳ ನಂತರ ದರವೂ ಏರಿತು. ಮನೆಬಳಕೆಗೆ ಲೀಟರಿಗೆ ಒಂದು ಪೈಸೆಯ ಒಳಗಿನ ಏರಿಕೆ ಅದು. ಟಿ.ವಿ.ಯಲ್ಲಿ ದೊಡ್ಡ ಗಲಾಟೆಯಾಯಿತು. ನನ್ನ ಮಟ್ಟಿಗೆ ಏರಿಕೆ ತಪ್ಪಲ್ಲ, ಹೆಚ್ಚು ಬಳಸುವವರಿಗೆ ಹೆಚ್ಚು ದರ ಎನ್ನುವುದು ನ್ಯಾಯವೇ. ಆದರೆ ಮೀಟರ್ ಯಾರದ್ದು ಎಂದು ಗೊತ್ತಾಗದ ಕಟ್ಟಡದಲ್ಲಿ ಹೆಚ್ಚು ಬಳಸಿದವರು ಯಾರು ಎಂದು ಹೇಗೆ ಗೊತ್ತಾಗಬೇಕು? 2024ರಲ್ಲಿ ಏರಿಯೇಟರ್ ಕಡ್ಡಾಯ ಮಾಡಿದಂತೆ, ಬಾಡಿಗೆ ಕಟ್ಟಡಗಳಲ್ಲಿ ಮನೆಗೊಂದು, ಪಿ.ಜಿ.ಗಳಲ್ಲಿ ಮಹಡಿಗೊಂದು ಮೀಟರ್ ಕಡ್ಡಾಯ ಮಾಡಬಹುದು. ಕಾರು ತೊಳೆಯುವವರ ಹಿಂದೆ ಓಡುವುದಕ್ಕಿಂತ ಇದರಿಂದ ಹೆಚ್ಚು ನೀರು ಉಳಿಯುತ್ತದೆ ಎಂಬುದು ನಮ್ಮ ವೈಟ್‌ಬೋರ್ಡ್ ನೋಡಿ ನನಗೆ ಬಂದ ನಂಬಿಕೆ.

ಒಂದು ದಿನ ರೂಮ್‌ಮೇಟ್ ನನ್ನ ಬಾಯಿ ಮುಚ್ಚಿಸುವ ಪ್ರಶ್ನೆ ಕೇಳಿದಳು. "ನೀನು ಇಲ್ಲಿ ನೀರು ಉಳಿಸಿದ್ರೆ ನಿಮ್ಮೂರ ಕೆರೆಗೇ ಕಮ್ಮಿ ಆಗಲ್ವೇನೇ?" ಅವಳು ತಮಾಷೆಗೆ ಕೇಳಿದರೂ ಮಾತಿನಲ್ಲಿ ವಿಷಯವಿತ್ತು. ನಮ್ಮ ಪಿ.ಜಿ. ಇರುವುದು ಬಿ.ಟಿ.ಎಂ. ಲೇಔಟ್ ಕಡೆ. ಅಲ್ಲಿನ ಒಳಚರಂಡಿ ಹರಿಯುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಈ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಪೈಪಿನಲ್ಲಿ ಕಳಿಸುತ್ತಿದ್ದಾರೆ. ನಮ್ಮೂರ ಕೆರೆಯೂ ಹಾಗೆ ತುಂಬಿತು. ನಾನು ಚಿಕ್ಕವಳಿದ್ದಾಗ ಹುಡುಗರು ಕ್ರಿಕೆಟ್ ಆಡುತ್ತಿದ್ದ ಕೆರೆಯಂಗಳ ಅದು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದು ಚಿಕ್ಕಪ್ಪ ಮತ್ತೆ ಟೊಮೆಟೊ ಹಾಕಿದರು.

ಎರಡು ದಿನ ಯೋಚಿಸಿ ಉತ್ತರ ಕೊಟ್ಟೆ. ಈ ನಗರದಲ್ಲಿ ನೀರು ಸಿಗದೆ ಕಾಯುವವರು ಸದಾ ಇದ್ದಾರೆ. ನಾನು ಬಿಟ್ಟ ಬಕೆಟ್ ಇನ್ಯಾವುದೋ ಮನೆ ಸೇರುತ್ತದೆ, ಅಲ್ಲಿ ಬಳಕೆಯಾಗಿ ಚರಂಡಿಗೇ ಇಳಿಯುತ್ತದೆ. ಹಾಗಾಗಿ ನಮ್ಮೂರ ಕೆರೆಗೆ ನನ್ನ ಉಳಿತಾಯದಿಂದ ಕೊರತೆಯಾಗಲಾರದು. ಕೊರತೆಯಾಗುವುದು ನಾನು ನೀರಿನ ಜೊತೆ ಏನನ್ನು ಕಳಿಸುತ್ತೇನೆ ಎನ್ನುವುದರಲ್ಲಿ.

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, 2017 ಮತ್ತು 2018ರಲ್ಲಿ ಅಲ್ಲಿ ಬೆಂಕಿ ಹತ್ತಿದ್ದನ್ನು ನೀವೆಲ್ಲ ನೋಡಿರುತ್ತೀರಿ. ಡಿಟರ್ಜೆಂಟ್‌ನ ರಾಸಾಯನಿಕಗಳು ಎರಡು ಹಂತದ ಶುದ್ಧೀಕರಣದಲ್ಲಿ ಪೂರ್ತಿ ಹೋಗುವುದಿಲ್ಲ. ಮೂರನೇ ಹಂತವೂ ಬೇಕು ಎಂದು ಕೋಲಾರದ ರೈತರು ಕೇಳುತ್ತಲೇ ಇದ್ದಾರೆ, ಆ ಬೇಡಿಕೆ ನ್ಯಾಯವಾದದ್ದು. ಅಜ್ಜಿ ಇವತ್ತಿಗೂ ತುಂಬಿದ ಬೋರ್‌ವೆಲ್‌ನ ನೀರಲ್ಲಿ ಬಟ್ಟೆ ಒಗೆಯುತ್ತಾಳೆ, ಮುದ್ದೆಗೆ ಎಸರು ಇಡುವುದಿಲ್ಲ. ಅದಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಘಟಕದಿಂದ ತಂದ ಕ್ಯಾನ್ ನೀರೇ ಬೇಕು. ಇದು ಗೊತ್ತಾದ ಮೇಲೆ ಪಿ.ಜಿ.ಯ ವಾಷಿಂಗ್ ಮಷೀನಿನ ಪಕ್ಕ ಒಂದು ಚಿಕ್ಕ ಚಮಚ ಇಟ್ಟೆ. ಮೊದಲು ಎಲ್ಲರೂ ಪ್ಯಾಕೆಟ್ಟಿನಿಂದ ಸುರಿಯುತ್ತಿದ್ದರು. ಚಮಚದಲ್ಲಿ ಅರ್ಧದಷ್ಟು ಪುಡಿ ಸಾಕಾಗುತ್ತದೆ, ಬಟ್ಟೆಯ ಬಿಳುಪಿನಲ್ಲಿ ವ್ಯತ್ಯಾಸ ಹೇಳಿ ಎಂದರೆ ಯಾರಿಗೂ ಹೇಳಲಾಗಲಿಲ್ಲ. ಕೊನೆಯ ಸುತ್ತಿನ ನೀರನ್ನು ಬಕೆಟ್ಟಿಗೆ ಹಿಡಿಯಲು ಮಾತ್ರ ಹೆಚ್ಚಿನವರಿಗೆ ಸೋಮಾರಿತನ, ನನಗೂ ಸೇರಿ.

ಈ ಬೇಸಿಗೆ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ನೋಟ್‌ಬುಕ್ ತೋರಿಸಿದೆ. ಅವಳಿಗೆ ಓದಲು ಬಾರದು. ದಿನಕ್ಕೆ 102 ಲೀಟರ್ ಎಂದರೆ ಎಷ್ಟು ಬಿಂದಿಗೆ ಎಂದು ಕೇಳಿದಳು. ಮನೆಯ ಬಿಂದಿಗೆ ಅಳೆದು ನೋಡಿದೆವು, 12 ಲೀಟರ್ ಹಿಡಿಯಿತು. "ಎಂಟೂವರೆ ಬಿಂದಿಗೆ" ಎಂದೆ. "ಒಬ್ಳಿಗೇನಾ?" ಎಂದು ಮತ್ತೆ ಕೇಳಿ ಸುಮ್ಮನಾದಳು.

ಮಹಡಿಗೊಂದು ಮೀಟರ್ ಹಾಕಿಸಲು ಪಿ.ಜಿ. ಆಂಟಿ ಒಪ್ಪಿದ್ದಾರೆ, ಜೂನ್‌ನಲ್ಲಿ ಪ್ಲಂಬರ್ ಬರುತ್ತಾನಂತೆ. ಆ 500 ರೂಪಾಯಿಯ ಮಾತು ಎತ್ತಿದರೆ ಮಾತ್ರ, "ನೋಡೋಣಮ್ಮ" ಎಂದು ಒಳಗೆ ಹೋಗುತ್ತಾರೆ.