ಮುದಿ ಕೋವಿಯ ಗುರಿ

ದ್ರೋಣಾಚಾರ್ಯರು ಮರದ ಮೇಲಿನ ಹಕ್ಕಿಯನ್ನು ತೋರಿಸಿ, "ನಿನಗೇನು ಕಾಣುತ್ತಿದೆ?" ಎಂದು ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಕೇಳಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠವಷ್ಟೆ. ಅರ್ಜುನನಿಗೆ ಹಕ್ಕಿಯ ಕಣ್ಣೊಂದೇ ಕಂಡಿತು, ಅವನು ಗೆದ್ದನು. ಆದರೆ ಅವನ ಬಿಲ್ಲಿನ ಹದವೇನು, ಹೆದೆಯ ಬಿಗಿಯೆಷ್ಟು ಎಂದು ಕೇಳಿದವರು ಯಾರೂ ಇಲ್ಲ. ಗುರಿಯೆಂದರೆ ಕಣ್ಣು ಮತ್ತು ಕೈ ಎಂದೇ ನಾವು ನಂಬಿಕೊಂಡು ಬಂದಿದ್ದೇವೆ.

1860ರ ಜುಲೈ ತಿಂಗಳಲ್ಲಿ ಲಂಡನ್ನಿನ ಬಳಿಯ ವಿಂಬಲ್ಡನ್ ಬಯಲಿನಲ್ಲಿ ಈ ನಂಬಿಕೆಗೆ ಒಂದು ಸೊಗಸಾದ ಉತ್ತರ ದೊರೆಯಿತು. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಸ್ಪರ್ಧೆಯನ್ನು ಆರಂಭಿಸಲು ವಿಕ್ಟೋರಿಯಾ ರಾಣಿಯವರು ಬಂದಿದ್ದರು. ಜೋಸೆಫ್ ವಿಟ್‌ವರ್ತ್ ಎಂಬ ಹೆಸರಾಂತ ಯಂತ್ರಶಿಲ್ಪಿ ತನ್ನ ಕೋವಿಯನ್ನು ಒಂದು ಪೀಠದ ಮೇಲೆ ಬಿಗಿದು, ಗುರಿ ಹೊಂದಿಸಿ, ಕುದುರೆಗೆ ರೇಷ್ಮೆಯ ಹುರಿಯೊಂದನ್ನು ಕಟ್ಟಿ ಕೊಟ್ಟನು. ರಾಣಿಯವರು ಹುರಿಯನ್ನೆಳೆದರು. 400 ಗಜ ದೂರದ ಹಲಗೆಯಲ್ಲಿ ಗುಂಡು ನಡುಬಿಂದುವಿನಿಂದ ಒಂದೂವರೆ ಅಂಗುಲದೊಳಗೆ ತಾಕಿತು. ರಾಣಿಯ ಕಣ್ಣಾಗಲಿ ಕೈಯಾಗಲಿ ಅಲ್ಲಿ ಮಾಡಿದ ಕೆಲಸವೇನೂ ಇರಲಿಲ್ಲ. ಕೋವಿ ಕದಲದೆ ನಿಂತಿತ್ತು, ಅಷ್ಟೆ.

ಸಿಪಾಯಿಯ ಕೋವಿಗೆ ಅಂಥ ಪೀಠವೆಲ್ಲಿ ಬರಬೇಕು? ಅದನ್ನು ಕದಲದಂತೆ ಹಿಡಿಯಬೇಕಾದುದು ಅದರದೇ ಮರ. ಹಳೆಯ ಸೈನಿಕ ಕೋವಿಗಳನ್ನು ಸಂಗ್ರಹಿಸಿ, ಅವುಗಳಿಂದ ಇಂದಿಗೂ ಗುರಿ ಹೊಡೆಯುವ ಹವ್ಯಾಸಿಗಳು ಬ್ರಿಟನ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಬಹುಮಂದಿ ಇದ್ದಾರೆ. ಅವರಿಗೆಲ್ಲ ಅಚ್ಚುಮೆಚ್ಚಿನದು ಲೀ ಎನ್‌ಫೀಲ್ಡ್. ಹೆಸರು ಹೊಸದೆನಿಸಿದರೂ ವಸ್ತು ನಮಗೆ ಹಳೆಯ ಪರಿಚಯದ್ದೇ. ಖಜಾನೆಯ ಬಾಗಿಲಲ್ಲಿ ನಿಂತ ಪೇದೆಯ ಹೆಗಲ ಮೇಲೆ ನಾವು ಎಷ್ಟೋ ವರ್ಷ ನೋಡಿದ "ತ್ರೀ ನಾಟ್ ತ್ರೀ" ಇದೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ಇದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದರು. ನಮ್ಮಲ್ಲಿ ಇದು ಸಾಮಾನ್ಯ ನಾಗರಿಕನಿಗೆ ನಿಷಿದ್ಧವಾದ ಅಳತೆ. ಆದುದರಿಂದ ಇಲ್ಲಿ ಹೇಳುವುದೆಲ್ಲ ಕಡಲಾಚೆಯ ಹವ್ಯಾಸಿಯ ಕಷ್ಟಸುಖವೆಂದು ಓದುಗರು ತಿಳಿಯಬೇಕು.

ಆತನಿಗೆ ಮೊದಲು ಬೇಕಾದುದು ಆಸೆಯ ಮಿತಿ. ಎರಡನೆಯ ಮಹಾಯುದ್ಧದ "ನಂಬರ್ 4" ಮಾದರಿಗೆ ಕಾರ್ಖಾನೆಯು ಇಟ್ಟ ಪರೀಕ್ಷೆ ಹೀಗಿತ್ತು: 100 ಅಡಿ ದೂರದಿಂದ ಐದು ಗುಂಡು ಹಾರಿಸಿದರೆ, ನಾಲ್ಕು ಗುಂಡುಗಳು ಒಂದು ಅಂಗುಲ ಅಗಲ, ಒಂದೂವರೆ ಅಂಗುಲ ಎತ್ತರದ ಚೌಕಟ್ಟಿನೊಳಗೆ ಬೀಳಬೇಕು. 100 ಗಜಕ್ಕೆ ಲೆಕ್ಕ ಹಾಕಿದರೆ ಇದು ಸುಮಾರು ಮೂರು ಅಂಗುಲಕ್ಕೆ ನಾಲ್ಕೂವರೆ ಅಂಗುಲ, ಎಂದರೆ ಒಂದು ಊಟದ ಬಟ್ಟಲಿನಷ್ಟು. ಮುದುಕನಾದ ಮೇಲೆ ಈ ಕೋವಿ ಸೂಜಿಗೆ ದಾರ ಪೋಣಿಸಲೆಂದು ಬಯಸುವುದು ನ್ಯಾಯವಲ್ಲ. ಬಟ್ಟಲಿನ ಬದಲು ಮೊರದಗಲ ಚದುರಿದರೆ ಮಾತ್ರ ರೋಗವಿದೆಯೆಂದು ತಿಳಿಯತಕ್ಕದ್ದು.

ರೋಗ ಹತ್ತರಲ್ಲಿ ಏಳು ಸಲ ಮರದಲ್ಲಿರುತ್ತದೆ ಎಂಬುದು ನನ್ನ ಅಂದಾಜು. ಗುಂಡು ಹಾರಿದ ಕ್ಷಣದಲ್ಲಿ ಉಕ್ಕಿನ ನಳಿಗೆ ತಂತಿಯಂತೆ ಕಂಪಿಸುತ್ತದೆ. ಪ್ರತಿಸಲವೂ ಒಂದೇ ಬಗೆಯಾಗಿ ಕಂಪಿಸಿದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ನೂಲಿನ ಎಳೆಗೆ ನಾವು ಜೀವಾಳವೆನ್ನುತ್ತೇವೆ. ಅದು ಕೂದಲೆಳೆಯಷ್ಟು ಸರಿದರೂ ನಾದ ಸತ್ತುಹೋಗುತ್ತದೆ. ಈ ಕೋವಿಗೂ ಒಂದು ಜೀವಾಳವುಂಟು. ಮೊದಲ ಯುದ್ಧದ ಮಾದರಿಯಲ್ಲಿ ಮುಂದಿನ ಮರದೊಳಗೆ ಅಡಗಿದ ಪುಟ್ಟ ಸ್ಪ್ರಿಂಗೊಂದು ನಳಿಗೆಯನ್ನು ಮೆಲ್ಲನೆ ಮೇಲಕ್ಕೆ ಒತ್ತುತ್ತಿರುತ್ತದೆ. ನಂಬರ್ 4ರಲ್ಲಿ ಮರದ ತುದಿಯೇ ನಾಲ್ಕೈದು ಪೌಂಡಿನ ಒತ್ತಡದಿಂದ ಆ ಕೆಲಸ ಮಾಡುತ್ತದೆ. ಮರ ಒಣಗಿ ಸೊಟ್ಟಗಾದರೆ ಅಥವಾ ತೇವ ಕುಡಿದು ಉಬ್ಬಿದರೆ ಒತ್ತಡ ಬದಲಾಗುತ್ತದೆ. ನಳಿಗೆ ತಣ್ಣಗಿರುವಾಗ ನೆಟ್ಟಗೆ ಹೊಡೆದ ಕೋವಿ, ಬಿಸಿಯೇರಿದಂತೆ ಒಂದೇ ಕಡೆಗೆ ಸರಿಯತೊಡಗಿದರೆ ಮೊದಲು ನೋಡಬೇಕಾದ ಸ್ಥಳ ಇದು.

ಇನ್ನೊಂದು ಸ್ಥಳ ಹಿಂದಿದೆ. ಒದೆತದ ಭಾರವನ್ನೆಲ್ಲ ಹೊರುವುದು, ಉಕ್ಕಿನ ಒಡಲಿಗೆ ಆತುಕೊಂಡಿರುವ ಮುಂದಿನ ಮರದ ಎರಡು ಚಿಕ್ಕ ಭುಜಗಳು. ಅವು ಎರಡೂ ಸಮನಾಗಿ ಆತಿರಬೇಕು. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ತಮ್ಮ ಮೃದುವಾದ ಮರಕ್ಕೆ ಅಲ್ಲಿ ತಾಮ್ರದ ತಗಡು ಹಾಕಿ ಭದ್ರಪಡಿಸಿದರು. ಸವೆದ ಭುಜಕ್ಕೆ ಗಟ್ಟಿಮರದ ಚೂರನ್ನು ಅಂಟಿಸಿ ಮಟ್ಟಮಾಡುವುದು ಬಲ್ಲ ಬಡಗಿಗೆ ಒಂದು ಸಂಜೆಯ ಕೆಲಸ.

ಇಲ್ಲಿ ಅವಸರದವರಿಗೊಂದು ಎಚ್ಚರಿಕೆ. ಮೊದಲ ಯುದ್ಧದ ಮಾದರಿಯಲ್ಲಿ ಹೆಗಲಿಗಾನುವ ಹಿಂದಿನ ಮರದ ಬೋಲ್ಟಿನ ಚೌಕತುದಿ ಮುಂದಿನ ಮರದೊಳಗಿನ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂದಿನದನ್ನು ಬಿಚ್ಚದೆ ಹಿಂದಿನದನ್ನು ತಿರುಗಿಸಿದರೆ, ನೂರು ವರ್ಷ ಬಾಳಿದ ಮರ ಒಂದು ತಿರುವಿಗೆ ಸೀಳುತ್ತದೆ. ಕುತೂಹಲಕ್ಕೆಂದು ಬಿಚ್ಚಿದವರ ಕೈಯಲ್ಲಿ ಹಾಳಾದಷ್ಟು ಕೋವಿಗಳು ಶತ್ರುವಿನ ಕೈಯಲ್ಲಿಯೂ ಹಾಳಾಗಿರಲಾರವು!

ನಳಿಗೆಯ ವಿಚಾರ ಅಡುಗೆಮನೆಯ ವಿಚಾರದಂತೆಯೇ. ಹಳೆಯ ತೋಟೆಗಳ ಕೇಪಿನಲ್ಲಿ ಇದ್ದ ರಾಸಾಯನಿಕ, ಸಿಡಿದ ಮೇಲೆ ಉಪ್ಪಿನಂಥ ಪುಡಿಯಾಗಿ ನಳಿಗೆಯೊಳಗೆ ಉಳಿಯುತ್ತಿತ್ತು. ಮಳೆಗಾಲದಲ್ಲಿ ಉಪ್ಪಿನ ಭರಣಿ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ನೀರು ಎಳೆದುಕೊಂಡ ಉಪ್ಪು ಉಕ್ಕನ್ನು ತಿನ್ನುತ್ತದೆ. ಎಣ್ಣೆ ಸವರಿದರೆ ಅದು ಕರಗದು. ಸೈನ್ಯದವರು ಕುದಿಯುವ ನೀರನ್ನೇ ನಳಿಗೆಯೊಳಗೆ ಸುರಿದು ತೊಳೆಯುತ್ತಿದ್ದುದು ಅದಕ್ಕಾಗಿ. ಹಗ್ಗದಿಂದ ಬಟ್ಟೆ ಎಳೆದು ಒರೆಸುವಾಗ ಓರೆಯಾಗಿ ಎಳೆದವನು ನಳಿಗೆಯ ಬಾಯಂಚನ್ನು ಒಂದೇ ಕಡೆ ಸವೆಸಿರುತ್ತಾನೆ. ಬಾಯಿ ಸವೆದ ಕೋವಿಯ ಗುಂಡು ಹೊರಡುವಾಗಲೇ ಓರೆ.

ತೋಟೆಯ ಮಾತನ್ನು ಬೇಗ ಮುಗಿಸಬಹುದು. ಹೆಸರಿಗೆ .303 ಆದರೂ ಗುಂಡಿನ ವ್ಯಾಸ .311 ಅಂಗುಲ, ಯುದ್ಧದ ಆತುರದಲ್ಲಿ ಕೊರೆದ ನಳಿಗೆಗಳ ಅಳತೆ ಒಂದರಂತೆ ಒಂದಿಲ್ಲ. ಆದುದರಿಂದ ನಳಿಗೆಯನ್ನು ಅಳೆದು ಗುಂಡನ್ನು ಆರಿಸಬೇಕು. ತೋಟೆಯನ್ನು ಮರಳಿ ತುಂಬುವವರು ಹಿತ್ತಾಳೆಯ ಕೊರಳನ್ನು ಮಾತ್ರ ಅಳತೆಗೆ ತಂದು ಒಡಲನ್ನು ಹಾಗೆಯೇ ಬಿಡುತ್ತಾರೆ; ಆ ಕೋವಿಯ ಗೂಡಿಗೆ ಅದು ಆಗಲೇ ಹೊಂದಿಕೊಂಡಿರುತ್ತದೆ. ಇದಕ್ಕೆಲ್ಲ ಮುನ್ನ ಬಲ್ಲ ಬಂದೂಕುಗಾರನಿಂದ ಗೇಜು ಹಾಕಿಸಿ, ಬೋಲ್ಟು ಮತ್ತು ಒಡಲಿನ ಸಂಖ್ಯೆ ಒಂದೇ ಎಂದು ನೋಡಿಕೊಳ್ಳದೆ ಒಂದು ಗುಂಡನ್ನೂ ಹಾರಿಸಕೂಡದು.

ಇಷ್ಟಾದರೂ ತೃಪ್ತಿಯಿಲ್ಲದವರು ಮಾಡುವ ಕೆಲಸ ನನಗೆ ಸಹಿಸದು. ಯುದ್ಧಾನಂತರ ಅಗ್ಗವಾಗಿ ಮಾರಾಟಕ್ಕೆ ಬಂದ ಈ ಕೋವಿಗಳ ಮರವನ್ನು ಕತ್ತರಿಸಿ, ಉಕ್ಕನ್ನು ಉಜ್ಜಿ, ಬೇಟೆಯ ಕೋವಿಯಂತೆ ಮಾಡಿಕೊಂಡವರು ಲೆಕ್ಕವಿಲ್ಲದಷ್ಟು ಮಂದಿ. ಉಜ್ಜಿದಾಗ ಹೋದುದೇನು? 1914ರಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ನಮ್ಮ ಸಿಪಾಯಿಗಳ ಹಳೆಯ ಕೋವಿಯನ್ನು ಹಿಂದಕ್ಕೆ ಪಡೆದು ಇದೇ ಹೊಸ ಮಾದರಿಯನ್ನು ಅವರ ಕೈಗೆ ಕೊಟ್ಟರು. ಕಲ್ಕತ್ತೆಯ ಬಳಿಯ ಇಷಾಪುರದಲ್ಲಿ ತಯಾರಾದುವುಗಳ ಮೇಲೆ ಮೊದಲು ದೊರೆಯ ಮುದ್ರೆ, ಸ್ವಾತಂತ್ರ್ಯ ಬಂದ ಮೇಲೆ ಅಶೋಕನ ಸಿಂಹಗಳು. ಅರಕಾಗದಕ್ಕೆ ದೊರೆಯೂ ಒಂದೇ, ಸಿಂಹವೂ ಒಂದೇ. ತೆಗೆದು ಮತ್ತೆ ಹಾಕಬಹುದಾದ ದುರಸ್ತಿಯನ್ನು ಮಾತ್ರ ಮಾಡಬೇಕೆಂದು ತಿಳಿದ ಸಂಗ್ರಾಹಕರು ಹೇಳುವುದು ಇದಕ್ಕೇ. ಭುಜಕ್ಕೆ ಅಂಟಿಸಿದ ಮರದ ಚೂರನ್ನು ನಾಳೆ ಕೀಳಬಹುದು. ನಳಿಗೆಯ ಸುತ್ತ ಸುರಿದ ರಾಳವನ್ನು ಕೀಳಲಾಗದು.

ಲೀ ಎನ್‌ಫೀಲ್ಡಿನ ಒಂದು ಕುಂದನ್ನಂತೂ ತಿದ್ದಲು ಹೋಗಲೇಬಾರದು. ಇತರ ಕೋವಿಗಳಲ್ಲಿ ಬೋಲ್ಟಿಗೆ ಬೀಗ ಮುಂದೆ, ಇದರಲ್ಲಿ ಹಿಂದೆ. ಸ್ಫೋಟದ ಒತ್ತಡಕ್ಕೆ ಒಡಲೆಲ್ಲ ಕಿಂಚಿತ್ತು ಹಿಗ್ಗಿ, ನಳಿಗೆಯ ಬಾಯಿ ಮೇಲಕ್ಕೆ ಜಿಗಿಯುತ್ತದೆ. ವೇಗದ ಗುಂಡು ಬಾಯಿ ಕೆಳಗಿರುವಾಗಲೇ ಹೊರಬೀಳುತ್ತದೆ; ನಿಧಾನದ ಗುಂಡು ತುಸು ತಡವಾಗಿ, ಬಾಯಿ ಮೇಲೇರಿದಾಗ. ಹತ್ತಿರದ ಹಲಗೆಯಲ್ಲಿ ಇವೆರಡೂ ಒಂದರ ಮೇಲೊಂದು ಚದುರಿ ಬಿದ್ದು ಯಜಮಾನನ ಮುಖ ಸಣ್ಣದಾಗುತ್ತದೆ. ದೂರ ಹೋದಂತೆ ನಿಧಾನದ ಗುಂಡು ಹೆಚ್ಚು ಕುಸಿಯುತ್ತದೆಯಷ್ಟೆ. ಮೇಲಕ್ಕೆ ಹೊರಟ ಅದು ಕೆಳಗೆ ಹೊರಟ ತನ್ನ ಜೊತೆಗಾರನನ್ನು 800, 900 ಗಜಗಳಾಚೆ ಕೂಡಿಕೊಳ್ಳುತ್ತದೆ. 1890ರಲ್ಲಿ ವಿಂಬಲ್ಡನ್ನಿನಿಂದ ಬಿಸ್ಲೆಗೆ ಹೋದ ಆ ಸಂಘದ ಬಯಲಿನಲ್ಲಿ ಹಳೆಯ ಸ್ಪರ್ಧಾಳುಗಳು, ಹತ್ತಿರದ ಹಲಗೆಗೆ ಬೇರೆ ಬಿಗಿಯಾದ ಕೋವಿಯಿದ್ದರೂ, 1000 ಗಜದ ಸರದಿ ಬಂದಾಗ ಈ ಸಡಿಲ ಮುದುಕನನ್ನೇ ಕೈಗೆತ್ತಿಕೊಳ್ಳುತ್ತಿದ್ದರು.